ಮರಳಲ್ಲಿ ಇಳಿದ ತಟ್ಟೆ

ಡಾಕ್ಟರ್ ರುದ್ರೇಶನ ಮೇಲೆ ನನಗಿರುವ ಸಿಟ್ಟು ಇವತ್ತಿಗೂ ಗುಲಗಂಜಿಯಷ್ಟೂ ಇಳಿದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯಲ್ಲಿ ಇಬ್ಬರೂ ಕೈಕುಲುಕುತ್ತಾರೆ ಅಂತ ಯಾರೂ ಕಾಯುವುದು ಬೇಡ.

ಅವನು ಶಿವಮೊಗ್ಗದ ಆಲ್ಕೊಳದಲ್ಲಿ ಹಲ್ಲಿನ ಡಾಕ್ಟರು. ಭಾನುವಾರ ಬಂದರೆ ಹಕ್ಕಿ ಫೋಟೋದ ಹುಚ್ಚು. ನಾನು ಆನಂದ್, ಭದ್ರಾವತಿಯ ಜನ್ನಾಪುರದಲ್ಲಿ ಲೋಹ ತಿರುವಿ ಕಡೆಯುವ ಒಂದು ಲೇತ್ ಇಟ್ಟುಕೊಂಡಿರುವ ಟರ್ನರ್. ಎರಡು ವರ್ಷದ ಹಿಂದೆ ಅವನೇ ನನ್ನ ಶೆಡ್ಡು ಹುಡುಕಿಕೊಂಡು ಬಂದ. ಹೊನ್ನಾವರದ ಕಡೆ ಕಡಲ ದಂಡೆಯಲ್ಲಿ ಉಲ್ಲಂಕಿ ಅಂತ ಗೇಣುದ್ದದ ಹಕ್ಕಿಗಳು ಓಡಾಡುತ್ತವೆ, ಅವುಗಳ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಇಳಿಸಬೇಕು, ಏನಾದರೂ ಮಾಡಿಕೊಡು ಅಂದ. ಟ್ರೈಪಾಡಿನ ಕಾಲು ಎಷ್ಟು ಅಗಲಿಸಿದರೂ ಅಷ್ಟು ಕೆಳಗೆ ಬರುತ್ತಿರಲಿಲ್ಲವಂತೆ, ಮುಂದಕ್ಕೆ ತಳ್ಳಿದರೆ ಮರಳನ್ನು ಉಳುತ್ತಿತ್ತಂತೆ. ಬಟ್ಟೆಚೀಲಕ್ಕೆ ಹುರುಳಿ ತುಂಬಿ ಅದರ ಮೇಲೆ ಇಟ್ಟು ನೋಡಿದನಂತೆ. ಅಲೆ ಬಡಿದು, ಹುರುಳಿ ನೆನೆದು ಉಬ್ಬಿ, ಹೊಲಿಗೆ ಬಿಟ್ಟಿತಂತೆ.

"ಉಸಲಿ ಮಾಡ್ಬಹುದಿತ್ತಲ್ಲ ಸಾರ್, ಉಪ್ಪು ಹಾಕೋ ಕೆಲಸಾನೂ ಇರ್ತಿರ್ಲಿಲ್ಲ" ಅಂದೆ. ಅವನು ನಗಲಿಲ್ಲ. ಅಲ್ಲೇ ನನಗೆ ಗೊತ್ತಾಗಬೇಕಿತ್ತು.

ಹದಿನೈದು ದಿನ ತಲೆ ಕೆಡಿಸಿಕೊಂಡೆ. ಕಬ್ಬಿಣದ ತಟ್ಟೆ ಮಾಡಿ ಭದ್ರಾ ಹೊಳೆಯ ದಂಡೆಗೆ ಒಯ್ದು ನೋಡಿದೆ, ಒದ್ದೆ ಮರಳಲ್ಲಿ ಹೂತುಕೊಂಡಿತು. ಆಮೇಲೆ ಅಲ್ಯೂಮಿನಿಯಂ ತಗೊಂಡೆ. ದೋಸೆ ಕಾವಲಿಗಿಂತ ಅಗಲ, ತಳ ಒಂದಿಷ್ಟು ಉಬ್ಬು, ಸುತ್ತ ಮರಳು ಒಳಗೆ ಬರದಂತೆ ಮೇಲಕ್ಕೆ ಮಡಿಸಿದ ದುಂಡನೆ ಅಂಚು, ನಡುವೆ ಕ್ಯಾಮೆರಾ ಕೂರಿಸುವ ಬೋಲ್ಟು. ಹೊಟ್ಟೆ ಮೇಲೆ ಮಲಗಿ ಒಂದು ಬೆರಳಲ್ಲಿ ತಳ್ಳಿದರೆ ಸರಿಯುತ್ತಿತ್ತು.

ನನ್ನಪ್ಪ ಧರ್ಮಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಮಷಿನ್ ಶಾಪಿನಲ್ಲಿ ಮೂವತ್ತೊಂದು ವರ್ಷ ದುಡಿದವರು. ಅಲ್ಲಿ ಹಾಜರಿಗೆ ಅವರಿಗೆ ಕೊಟ್ಟಿದ್ದ ಟೋಕನ್ ನಂಬರು ನಾನೂರ ಹದಿನೇಳು. ನನ್ನ ಶೆಡ್ಡಿನಲ್ಲಿ ತಯಾರಾದ ಸಾಮಾನನ್ನು ಅವರು ಕೈಯಲ್ಲಿ ತಿರುಗಿಸಿ, ಹೆಬ್ಬೆರಳಿಂದ ಸವರಿ, ಹೂಂ ಅಂದರೆ ಮಾತ್ರ ಅದರ ಮೇಲೆ ಅಂಕಿಯ ಪಂಚುಗಳನ್ನು ಇಟ್ಟು ಸುತ್ತಿಗೆಯಲ್ಲಿ 417 ಹೊಡೆಯಬೇಕು. ಅದು ನಮ್ಮ ಮನೆಯ ಕಟ್ಟಳೆ. ಆ ತಟ್ಟೆಗೆ ಹೂಂ ಅಂದರು. ಹೊಡೆದೆ.

ಮೂರು ತಿಂಗಳಾದ ಮೇಲೆ ಶಿವಮೊಗ್ಗದಲ್ಲಿ ರುದ್ರೇಶನ ಫೋಟೋ ಸಂಘದ ಪ್ರದರ್ಶನ ನೋಡಲು ಹೋದೆ. ನನ್ನ ತಟ್ಟೆ ಮೇಜಿನ ಮೇಲಿತ್ತು, ಪಕ್ಕದಲ್ಲಿ 'ವಿನ್ಯಾಸ: ಡಾ. ರುದ್ರೇಶ್' ಅಂತ ಚೀಟಿ. ತಿರುಗಿಸಿ ನೋಡಿದರೆ ನಂಬರನ್ನು ಅರ ಹಾಕಿ ಉಜ್ಜಿದ್ದರು. ಕೇಳಿದ್ದಕ್ಕೆ, "ಐಡಿಯಾ ನಂದು ಮಾರಾಯ. ನೀನು ಬರೀ ತಿರುವಿದೋನು" ಅಂದ. ಮೈಯೆಲ್ಲ ಉರಿದುಹೋಯಿತು.

ಹೋದ ವರ್ಷ ಮತ್ತೆ ಬಂದ. ದೊಡ್ಡ ಲೆನ್ಸ್ ತಗೊಂಡಿದ್ದಾನಂತೆ, ಇನ್ನೊಂದು ತಟ್ಟೆ ಬೇಕಂತೆ. ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ. ಆಗಲಿ ಸಾರ್ ಅಂದೆ.

ಕಬ್ಬಿಣದಲ್ಲಿ ಮಾಡಿದೆ. ಅಗಲ ಕಡಿಮೆ, ತಳ ಚಪ್ಪಟೆ, ಅಂಚು ಕುಡುಗೋಲಿನಷ್ಟು ಚೂಪು, ಮರಳನ್ನು ಕೊಯ್ದುಕೊಂಡು ಇಳಿಯಲಿ ಅಂತ. ಮೇಲೆ ಚೆಂದದ ಕಪ್ಪು ಬಣ್ಣ. ಅಪ್ಪನಿಗೆ ತೋರಿಸಲಿಲ್ಲ. ಕೊನೆಗೆ ಪಂಚ್ ತಗೊಂಡು, ಈ ಸಲ ಉಜ್ಜು ನೋಡೋಣ ಮಗನೇ ಅಂದುಕೊಂಡು, 417 ಅನ್ನು ಎಂಥಾ ಅರಕ್ಕೂ ಸಿಗದಷ್ಟು ಆಳಕ್ಕೆ ಹೊಡೆದೆ. ಎರಡು ಸೇಡನ್ನು ಒಂದೇ ತಟ್ಟೆಯಲ್ಲಿ ಬಡಿಸಿದೆ ಅಂತ ಒಳಗೊಳಗೇ ಖುಷಿ. ಸಿಟ್ಟು ಮನುಷ್ಯನನ್ನು ಎಷ್ಟು ದಡ್ಡ ಮಾಡುತ್ತದೆ ನೋಡಿ.

ತಿಂಗಳಾದ ಮೇಲೆ ರುದ್ರೇಶ ಫೋನ್ ಮಾಡಿದ. "ಭಾನುವಾರ ಸಂಘದ ಸಭೆ ಇದೆ ಆನಂದ್. ಸ್ಟೇಜ್ ಮೇಲೆ ನಿನ್ನ ಹೆಸರು ಹೇಳ್ತೀನಿ. ಅಪ್ಪನ್ನೂ ಕರ್ಕೊಂಡು ಬಾ." ಹೇಗೋ ತಟ್ಟೆ ಕೆಲಸ ಮಾಡಿರಬೇಕು, ಇವನಿಗೂ ಬುದ್ಧಿ ಬಂದಿರಬೇಕು ಅಂದುಕೊಂಡೆ. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರು. ಮುಂದಿನ ಸಾಲಿನಲ್ಲೇ ಕೂರಿಸಿದರು.

ರುದ್ರೇಶ ಎರಡು ತಟ್ಟೆಗಳನ್ನೂ ಎತ್ತಿ ಹಿಡಿದ. "ಇದು ನೀವೆಲ್ಲ ನೋಡಿರೋ ನನ್ನ ಡಿಸೈನ್. ಇನ್ನೊಂದನ್ನ ಭದ್ರಾವತಿಯ ಆನಂದ್ ಅವರು ಸ್ವಂತ ತಲೆ ಓಡಿಸಿ ಮಾಡಿದ್ರು. ಅಲೆ ಬಂತು, ತಟ್ಟೆ ಇಳೀತು, ಕ್ಯಾಮೆರಾ ಕತ್ತಿನವರೆಗೆ ಹೂತ್ಕೊಂತು, ಉಪ್ಪುನೀರು ಕುಡಿದು ಸತ್ತೋಯ್ತು. ಹಿಂದೆ ನಂಬರ್ ಬೇರೆ ಇದೆ, ನಾನೂರ ಹದಿನೇಳು. ಬರ್ಕೊಳ್ಳಿ, ಇವರ ಹತ್ರ ಯಾರೂ ಹೋಗ್ಬೇಡಿ."

ಸಭೆ ನಕ್ಕಿತು. ನನಗೆ ಬಿಸಿತುಪ್ಪ ಬಾಯಲ್ಲಿಟ್ಟ ಹಾಗಾಯಿತು, ನುಂಗಲೂ ಆಗದು, ಉಗುಳಲೂ ಆಗದು. ಸುಮ್ಮನಿದ್ದರೆ ಕೆಲಸ ಬಾರದವನು. ಬೇಕಂತಲೇ ಮಾಡಿದೆ ಅಂದರೆ ನೀಚ. ಮೊದಲನೆಯದೂ ನಂದೇ ಅನ್ನೋಣ ಅಂದರೆ ಅದರಲ್ಲಿ ನಂಬರೇ ಇಲ್ಲ.

ಅಪ್ಪ ಎದ್ದು ಸ್ಟೇಜಿಗೆ ಹೋದರು. ಎರಡನ್ನೂ ಒಂದೊಂದಾಗಿ ಕೈಗೆ ತಗೊಂಡು, ತಿರುಗಿಸಿ, ಹೆಬ್ಬೆರಳಿಂದ ಅಂಚು ಸವರಿದರು. ಆಮೇಲೆ ಮೈಕಿಗೆ ಬಗ್ಗಿ ಹೇಳಿದರು.

"ಎರಡೂ ನನ್ನ ಮಗನೇ ತಿರುವಿರೋದು. ಮೊದಲನೇದನ್ನ ಪಾಸ್ ಮಾಡಿದ್ದು ನಾನು. ಇಲ್ಲಿ ಉಜ್ಜಿರೋ ಗುರುತಿದೆ, ಕೈಯಿಟ್ಟು ನೋಡಿ, ಡಾಕ್ಟ್ರು ಅಳಿಸಿದ್ದಾರೆ." ನಗು ನಿಂತಿತು. ರುದ್ರೇಶನ ಮುಖ ಸಪ್ಪಗಾಯಿತು, ನನ್ನ ಎದೆ ಉಬ್ಬಿತು. ಅಪ್ಪ ಇನ್ನೂ ಮುಗಿಸಿರಲಿಲ್ಲ. "ಇನ್ನೊಂದನ್ನ ಇವನು ಬೇಕಂತಲೇ ಕೆಡಿಸಿದ್ದಾನೆ. ಕೆಲಸ ಬರದಿದ್ದೋನಿಗೆ ಅಂಚನ್ನ ಇಷ್ಟು ಹದವಾಗಿ ಚೂಪು ಮಾಡೋಕೆ ಬರಲ್ಲ. ನನ್ನ ನಂಬರ್ ಹಾಕಿ ಮೋಸ ಮಾಡಿದ್ದಾನೆ. ಕ್ಷಮಿಸಿ."

ಜನ್ನಾಪುರದ ತನಕ ಬಸ್ಸಿನಲ್ಲಿ ನಾನು ರುದ್ರೇಶನನ್ನು ಬೈಯುತ್ತಿದ್ದೆ.

ಮರುದಿನ ಶೆಡ್ಡಿನಲ್ಲಿ ಪಂಚಿನ ಪೆಟ್ಟಿಗೆ ತೆಗೆದರೆ ನಾಲ್ಕು, ಒಂದು, ಏಳು ಇರಲಿಲ್ಲ. ಅಪ್ಪ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತಿದ್ದರು. ಅಂಗಿಯ ಜೇಬು ಭಾರಕ್ಕೆ ಜೋತುಬಿದ್ದಿತ್ತು.

"ನನ್ನ ನಂಬರ್ ನನ್ನ ಹತ್ರ ಇರ್ಲಿ" ಅಂದರು. "ನಿಂದು ಯಾವ್ದು ಅಂತ ನೀನೇ ನೋಡ್ಕೋ."

ಈಗಲೂ ಕೆಲಸ ಮುಗಿದಾಗ ಅಭ್ಯಾಸಬಲದಿಂದ ಕೈ ಸುತ್ತಿಗೆಗೆ ಹೋಗುತ್ತದೆ. ಎತ್ತಿಕೊಂಡು ಮತ್ತೆ ಅಲ್ಲೇ ಇಡುತ್ತೇನೆ.