ಮೇಸ್ತ್ರಿಗಳಿಗೆ ಹಿಡಿಸದ ಸಮುದ್ರ

ಹೆಣ್ಣಿನ ಅಪ್ಪ ಅಂದಮೇಲೆ ಒಂದಿಷ್ಟು ತಕರಾರು ಇದ್ದದ್ದೇ ಎಂದು ಮೊದಮೊದಲು ಎಲ್ಲರೂ ನಕ್ಕು ಸುಮ್ಮನಾದರು. ಆದರೆ ಮಗಳ ಮದುವೆಗೆ ಜಾಗ ನೋಡಲು ಹೊರಟು, ಸಾಲಾಗಿ ಮೂರು ಕಡಲತೀರಗಳಿಗೂ ಮೇಸ್ತ್ರಿಗಳು ಕೊಂಕು ತೆಗೆದಾಗ ನಗು ಬತ್ತಿಹೋಯಿತು. ಮೊದಲನೆಯದರಲ್ಲಿ ಮರಳು ಇಳಿಜಾರು, ಕುರ್ಚಿ ನಿಲ್ಲುವುದಿಲ್ಲ ಅಂದರು. ಎರಡನೆಯದರಲ್ಲಿ ಏಡಿಗಳ ಕಾಟ, ಬಂದ ಹೆಂಗಸರೆಲ್ಲ ಕಾಲೆತ್ತಿಕೊಂಡೇ ಕೂರಬೇಕಾಗುತ್ತದೆ ಅಂದರು. ಮೂರನೆಯದು ಹಾಸಿಟ್ಟ ಹಾಗೆ ಸಮತಟ್ಟಾಗಿತ್ತು. ಏಡಿ ಇರಲಿಲ್ಲ, ಹಿಂದೆ ನೆರಳಿಗೆ ಮರಗಳೂ ಇದ್ದವು. ಮೇಸ್ತ್ರಿಗಳು ಸುತ್ತ ಕಣ್ಣಾಡಿಸಿ, ಹೇಳಲು ಬೇರೇನೂ ಸಿಗದೆ, "ಸಮುದ್ರ ತುಂಬ ಹತ್ತಿರ ಆಯ್ತು" ಅಂದುಬಿಟ್ಟರು.

"ಅಪ್ಪಾ, ಸಮುದ್ರ ಹತ್ತಿರ ಇರಲಿ ಅಂತಾನೇ ಅಲ್ವಾ ಇಲ್ಲಿಗೆ ಬಂದಿರೋದು?" ಅಂದಳು ಮಗಳು. ಅದಕ್ಕೂ ಅವರು ಗಂಭೀರವಾಗಿ ತಲೆಯಾಡಿಸಿ ಕಾರಿನ ಕಡೆ ನಡೆದರು.

ಅಸಲು ವಿಷಯ ಮರಳೂ ಅಲ್ಲ, ಏಡಿಯೂ ಅಲ್ಲ. ಮೇಸ್ತ್ರಿಗಳು ಬಟ್ಟೆ ಗಿರಣಿಯಲ್ಲಿ ಮಗ್ಗಗಳ ಉಸ್ತುವಾರಿ ನೋಡಿಕೊಂಡವರು. ನಿವೃತ್ತರಾಗಿ ಎಷ್ಟೋ ಕಾಲವಾದರೂ ಮೇಸ್ತ್ರಿ ಎಂಬ ಹೆಸರು ಅವರನ್ನು ಬಿಟ್ಟಿರಲಿಲ್ಲ, ಆದರೆ ಕಿವಿಗಳು ಮಾತ್ರ ಕೈಬಿಟ್ಟಿದ್ದವು. ಮಗ್ಗಗಳ ಅಬ್ಬರ ಅವನ್ನು ಸ್ವಲ್ಪ ಸ್ವಲ್ಪವಾಗಿ ತಿಂದು ತೇಗಿತ್ತು. ಈಗ ಎರಡೂ ಕಿವಿಗೆ ಯಂತ್ರ. ಮನೆಯೊಳಗೆ ಬಾಗಿಲು ಹಾಕಿಕೊಂಡು ಕೂತರೆ, ಒಬ್ಬೊಬ್ಬರೇ ಮಾತಾಡಿದರೆ, ಹೇಗೋ ನಡೆಯುತ್ತಿತ್ತು. ಕಡಲತೀರಕ್ಕೆ ಕಾಲಿಟ್ಟರೆ ಮುಗಿಯಿತು, ಗಾಳಿ ನೇರವಾಗಿ ಯಂತ್ರದೊಳಕ್ಕೆ ನುಗ್ಗುತ್ತಿತ್ತು. ಅಲೆ, ಗಾಳಿ, ಮನುಷ್ಯರ ಮಾತು ಎಲ್ಲ ಸೇರಿ ಒಂದೇ ಭೋರ್ಗರೆತ. ಮತ್ತೆ ಗಿರಣಿಗೇ ಹೋಗಿ ನಿಂತಂತಾಗುತ್ತಿತ್ತು.

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದರು. ಆದರೆ ಮಗಳು ಒಂದು ಮಾತು ಹೇಳಿದ್ದಳು. "ಮದುವೇಲಿ ನಾವಿಬ್ರೂ ಎಲ್ಲರ ಮುಂದೆ ಎದ್ದು ನಿಂತು ನಮ್ಮ ಮನಸ್ಸಲ್ಲಿರೋದನ್ನ ನಾಲ್ಕು ಮಾತಲ್ಲಿ ಹೇಳ್ತೀವಿ. ಏನು ಅಂತ ಈಗ ಕೇಳಬೇಡ ಅಪ್ಪಾ, ಅವತ್ತೇ ಕೇಳಿಸ್ಕೋಬೇಕು." ಹೇಳಿ ಅವಳು ಮರೆತಳು. ಮೇಸ್ತ್ರಿಗಳು ಮರೆಯಲಿಲ್ಲ. ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗಲೂ ಅದೇ ಯೋಚನೆ. ಇದ್ದೊಬ್ಬ ಮಗಳು ತನ್ನ ಬಾಳಿನ ಬಹು ದೊಡ್ಡ ಮಾತು ಆಡುತ್ತಾಳೆ, ಹೆತ್ತಪ್ಪ ಮುಂದಿನ ಸಾಲಿನಲ್ಲೇ ಕೂತು ಅದನ್ನು ಕೇಳಿಸಿಕೊಳ್ಳದೆ ಎದ್ದು ಬರುವುದೇ?

ಬಾಯಿ ಬಿಟ್ಟು ಹೇಳಬಹುದಿತ್ತಲ್ಲ ಅಂತೀರಿ. ಹೇಳಿದರೆ ಅವಳು ಮರುಮಾತಿಲ್ಲದೆ ಸಮುದ್ರವನ್ನು ಕೈಬಿಟ್ಟು ಯಾವುದಾದರೂ ಸಭಾಂಗಣ ಹಿಡಿಯುತ್ತಾಳೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಈಜು ಕಲಿಸುವವಳು. ದಿನವಿಡೀ ಕೊಳದ ಔಷಧಿ ನೀರಿನಲ್ಲಿ ನೆನೆದು ನೆನೆದು, ಮದುವೆಯಾದರೆ ಸಮುದ್ರದ ಎದುರೇ ಎಂದು ಆಸೆ ಇಟ್ಟುಕೊಂಡವಳು. ಆ ಆಸೆಗೆ ತನ್ನ ಕಿವಿ ಅಡ್ಡ ಬರಬಾರದು. ಹಾಗೆಂದು ಅವಳ ಮಾತನ್ನು ಬಿಟ್ಟುಕೊಡಲೂ ಮನಸ್ಸಿಲ್ಲ. ಎಲ್ಲಾದರೊಂದು ಕಡೆ ಗಾಳಿ ಬೀಸದ ಸಮುದ್ರ ಇದ್ದೀತು ಎಂಬ ಹುಚ್ಚು ನಂಬಿಕೆಯ ಮೇಲೆ ಮೇಸ್ತ್ರಿಗಳು ದಿನ ದೂಡುತ್ತಿದ್ದರು.

ಗಿರಣಿಯ ಇನ್ನೊಂದು ಬಳುವಳಿಯೂ ಆ ಮನೆಯಲ್ಲಿತ್ತು. ಅಲ್ಲಿ ಎದುರಿಗೆ ನಿಂತು ಕೂಗಿದರೂ ಕೇಳುತ್ತಿರಲಿಲ್ಲವಾದ್ದರಿಂದ, ಕೆಲಸದವರೆಲ್ಲ ಗಂಟಲನ್ನು ಬಿಟ್ಟು ತುಟಿಯನ್ನು ನೆಚ್ಚಿಕೊಂಡಿದ್ದರು. ಸದ್ದೇ ಇಲ್ಲದೆ, ಬಾಯನ್ನು ಅಗಲಿಸಿ ಕೂಡಿಸಿ, ಹುಬ್ಬು ಕೈಗಳ ನೆರವು ಪಡೆದು, ಆ ತುದಿಯಿಂದ ಈ ತುದಿಗೆ ಹರಟುತ್ತಿದ್ದರು. ಮೇಸ್ತ್ರಿಗಳ ಹೆಂಡತಿ ಅದೇ ಗಿರಣಿಯಲ್ಲಿ ನೂಲು ಸುತ್ತುತ್ತಿದ್ದವರು. ಇವರಿಬ್ಬರ ಪ್ರೀತಿಯೆಲ್ಲ ಒಂದಕ್ಷರ ಹೊರಬೀಳದೆ, ಇಡೀ ಗಿರಣಿಯ ಕಣ್ಣೆದುರೇ ನಡೆದುಹೋಗಿತ್ತು. ಮನೆಯಲ್ಲಿ ಅದಕ್ಕೆ ಮಗ್ಗದ ಮಾತು ಎಂದು ಹೆಸರು. ಮಗಳಿಗೂ ಅದು ತೊಟ್ಟಿಲಲ್ಲೇ ಬಂದಿತ್ತು. ನೆಂಟರು ಬಂದು ಕೂತಾಗ ಹಾಲು ಮುಗಿದಿದೆ ಎಂದು ತಿಳಿಸಲು, ಬಂದವರು ಏಳುವ ಲಕ್ಷಣವೇ ಕಾಣುತ್ತಿಲ್ಲವಲ್ಲ ಎಂದು ಗೊಣಗಲು, ಅದಕ್ಕಿಂತ ಅನುಕೂಲದ ಮಾತು ಇನ್ನೊಂದಿಲ್ಲ. ಆದರೆ ಮೇಸ್ತ್ರಿಗಳ ಪ್ರಕಾರ ಅದು ಕೆಲಸಕ್ಕೆ, ಅಡುಗೆಮನೆಗೆ ಆಗುವ ಮಾತು. ಮದುವೆಯ ಮಾತನ್ನು ಕಿವಿಯಿಂದಲೇ ಕೇಳಬೇಕು.

ಇನ್ನು ಹುಡುಗನ ವಿಷಯ. ಅವನದು ಕನ್ನಡಕದ ಅಂಗಡಿ. ಒಳ್ಳೆಯವನು, ಮೆತ್ತಗಿನವನು. ತೊಂದರೆ ಇದ್ದದ್ದೂ ಅಲ್ಲೇ. ಆ ಮೆತ್ತಗಿನ ದನಿ ಅವನ ಗಡ್ಡ ಮೀಸೆಯೊಳಗೇ ಹುಟ್ಟಿ ಅಲ್ಲೇ ಕರಗುತ್ತಿತ್ತು. ಯಂತ್ರಕ್ಕೆ ದಕ್ಕುತ್ತಿರಲಿಲ್ಲ, ತುಟಿ ಓದೋಣವೆಂದರೆ ತುಟಿಯೇ ಕಾಣುತ್ತಿರಲಿಲ್ಲ. ಮೇಸ್ತ್ರಿಗಳು ಅಂದಾಜಿನ ಮೇಲೆ ತಲೆಯಾಡಿಸಿಕೊಂಡು ಬಂದಿದ್ದರು. ಒಮ್ಮೆ ಅವನು ತನ್ನ ತಂದೆ ತೀರಿಕೊಂಡ ಕಥೆ ಹೇಳುತ್ತಿದ್ದಾಗ ಇವರು ನಗುತ್ತ "ಒಳ್ಳೇದಾಯ್ತು ಬಿಡಪ್ಪ" ಅಂದಿದ್ದರು. ಹುಡುಗ ಮುಖ ಸಣ್ಣದು ಮಾಡಿಕೊಂಡು ಹೋದ. ಅಪ್ಪನಿಗೆ ಈ ಹುಡುಗ ಹಿಡಿಸಿಲ್ಲ ಎಂಬ ಹುಳ ಮಗಳ ತಲೆ ಹೊಕ್ಕಿದ್ದು ಆಗಲೇ. ಮೇಸ್ತ್ರಿಗಳಿಗೆ ಇದರ ಸುಳಿವೂ ಇರಲಿಲ್ಲ.

ನಾಲ್ಕನೆಯ ತೀರಕ್ಕೆ ಹೋದದ್ದು ಒಂದು ರಜೆಯ ಬೆಳಿಗ್ಗೆ. ಹುಡುಗನೇ ಕಾರು ಓಡಿಸಿದ. ಒಂದು ಮಗ್ಗುಲಲ್ಲಿ ಎತ್ತರದ ಬಂಡೆ, ಅದರ ಬುಡದಿಂದ ಬಾಗಿ ಹೊರಟ ಬಿಳಿ ಮರಳು. ಬಂಡೆ ಕಂಡದ್ದೇ ಮೇಸ್ತ್ರಿಗಳ ಜೀವಕ್ಕೆ ಜೀವ ಬಂತು. ಇದು ಗಾಳಿಯನ್ನು ತಡೆದೀತು ಅಂದುಕೊಂಡರು. ಮಗಳು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಉದ್ದಕ್ಕೂ ಓಡಾಡಿದಳು. ಅಲೆ ಏರಿ ಬಂದು ಬಿಟ್ಟುಹೋದ ಕಸದ ಗೆರೆ ಎಲ್ಲಿದೆ ನೋಡಿ, ಅದರಿಂದ ಸಾಕಷ್ಟು ಈಚೆಗೆ ಕುರ್ಚಿಗಳ ಸಾಲು ಎಂದು ಕಾಲಿನಲ್ಲಿ ಗೆರೆ ಎಳೆದಳು. ಚಪ್ಪರ ಇಲ್ಲಿ, ಊಟದ ಮೇಜು ಅಲ್ಲಿ, ವಯಸ್ಸಾದವರು ಮರಳಲ್ಲಿ ಕಾಲು ಹೂತುಕೊಳ್ಳದಂತೆ ಕಾರಿನಿಂದ ಕುರ್ಚಿಯವರೆಗೆ ಹಲಗೆ ಹಾಸುವುದು. ಹುಡುಗ ಅಳತೆಯ ಟೇಪು ಹಿಡಿದು ಅವಳ ಹಿಂದೆ ಸುತ್ತುತ್ತಿದ್ದ. ರಸ್ತೆ ಬದಿಯ ಹೋಟೆಲಿನವರು ಶೌಚಾಲಯ ಬಿಟ್ಟುಕೊಡಲು ಒಪ್ಪಿದ್ದನ್ನು ಕೇಳಿ ಮೇಸ್ತ್ರಿಗಳ ಹೆಂಡತಿಗಂತೂ ಅರ್ಧ ಮದುವೆ ಮುಗಿದಷ್ಟು ಸಮಾಧಾನವಾಯಿತು.

ಮೇಸ್ತ್ರಿಗಳು ಬಂಡೆಯ ಪಕ್ಕ ನಿಂತು ಕಾದರು. ಮಗಳು ಅವರತ್ತ ತಿರುಗಿ ಏನೋ ಹೇಳಿದಳು. ಕಿವಿಗೆ ಬಿದ್ದದ್ದು ಮತ್ತದೇ ಭೋರ್ಗರೆತ. ಬಂಡೆಗೆ ಬಡಿದ ಗಾಳಿ ಇಮ್ಮಡಿಯಾಗಿ ಹಿಂದಕ್ಕೆ ಬರುತ್ತಿತ್ತು. "ಬಂಡೆ ಇದೆಯಲ್ಲ" ಅಂದರು ಮೇಸ್ತ್ರಿಗಳು. "ಮಕ್ಕಳು ಹತ್ತಿ ಬಿದ್ದಾರು."

ಮಗಳು ಕಣ್ಣೀರು ಕಾಣದಿರಲಿ ಎಂದು ಸಮುದ್ರದ ಕಡೆ ಮುಖ ಮಾಡಿ ಹೇಳಿದಳು. "ಬಂಡೆ ಅಲ್ಲ ಅಪ್ಪಾ. ನಿನಗೆ ಇವನು ಇಷ್ಟ ಇಲ್ಲ. ಅದನ್ನಾದ್ರೂ ನೇರವಾಗಿ ಹೇಳಿಬಿಡು."

ಮೇಸ್ತ್ರಿಗಳಿಗೆ ಕಂಡದ್ದು ಅವಳ ಬೆನ್ನು ಮತ್ತು ಗಾಳಿಗೆ ಹಾರುವ ಕೂದಲು. ಬಂಡೆಯ ವಿಷಯವೇ ಏನೋ ಅಂದಿರಬೇಕೆಂದುಕೊಂಡು, "ಹೂಂ, ಅದೇ ಮತ್ತೆ" ಅಂದರು.

ಮಗಳು ತಿರುಗಿ ನೋಡದೆ ನೀರಿನಂಚಿಗೆ ನಡೆದುಹೋದಳು. ಕಾರಿನ ಹತ್ತಿರ ನಿಂತಿದ್ದ ಹೆಂಡತಿ ಇದನ್ನು ಕಂಡು ಅಲ್ಲಿಂದಲೇ ಮಗ್ಗದ ಮಾತಿನಲ್ಲಿ ಗಂಡನನ್ನು ತರಾಟೆಗೆ ತೆಗೆದುಕೊಂಡರು. "ಏನ್ರೀ ಅಂದ್ರಿ? ಮಗು ಅಳ್ತಾ ಇದೆ. ಇನ್ನೆಷ್ಟು ಸಮುದ್ರ ತೋರಿಸಬೇಕು ನಿಮಗೆ?"

ಮೇಸ್ತ್ರಿಗಳೂ ಬಾಯಿ ಅಗಲಿಸಿ, ಇಷ್ಟು ದಿನ ಅದುಮಿಟ್ಟದ್ದನ್ನೆಲ್ಲ ಸದ್ದಿಲ್ಲದೆ ಹೊರಹಾಕಿದರು. "ಎಷ್ಟು ತೋರಿಸಿದ್ರೂ ಅಷ್ಟೇ ಕಣೇ. ಇಲ್ಲಿ ನನಗೆ ಒಂದಕ್ಷರ ಕೇಳಲ್ಲ. ನನ್ನ ಮಗಳು ಮದುವೇಲಿ ಏನು ಹೇಳ್ತಾಳೆ ಅಂತ ಕೇಳಿಸ್ಕೋಬೇಕು ನಾನು. ಕೇಳದೇ ಇದ್ರೂ ಕೇಳಿದವನ ಥರ ತಲೆ ಆಡಿಸ್ಕೊಂಡು ಕೂರೋಕೆ ಅವತ್ತೂ ನನ್ನ ಕೈಲಾಗಲ್ಲ. ಹೇಳಿದ್ರೆ ಅವಳು ಸಮುದ್ರಾನೇ ಬಿಡ್ತಾಳೆ. ಏನು ಮಾಡ್ಲಿ ಹೇಳು."

ಗಂಡ ಹೆಂಡತಿ ಇಬ್ಬರಿಗೂ ನಡುವೆ ಟೇಪು ಸುತ್ತುತ್ತ ನಿಂತ ಹುಡುಗನ ಪರಿವೆಯೇ ಇರಲಿಲ್ಲ. ಎಷ್ಟೋ ವರ್ಷಗಳಿಂದ ಪರರ ಕಣ್ಣೆದುರೇ ಗುಟ್ಟು ಮಾತಾಡಿ ದಕ್ಕಿಸಿಕೊಂಡವರು ಅವರು. ಯಾರಿಗೆ ಅರ್ಥವಾದೀತು ಎಂಬ ಧೈರ್ಯ. ಹುಡುಗ ಟೇಪನ್ನು ಜೇಬಿಗೆ ಹಾಕಿ ನೇರವಾಗಿ ಮೇಸ್ತ್ರಿಗಳ ಎದುರು ಬಂದು ನಿಂತ. ಒಂದು ಕೈಯಿಂದ ಮೀಸೆಯನ್ನು ಮೇಲಕ್ಕೆತ್ತಿ, ಇನ್ನೊಂದರಿಂದ ಗಡ್ಡವನ್ನು ಕೆಳಕ್ಕೆ ಒತ್ತಿ, ತುಟಿ ಕಾಣುವಂತೆ ಮಾಡಿಕೊಂಡು, ಸದ್ದಿಲ್ಲದೆ ಹೇಳಿದ. "ಮಾವ, ನನಗೂ ಈ ಮಾತು ಬರುತ್ತೆ."

ಮೇಸ್ತ್ರಿಗಳು ಕಕ್ಕಾಬಿಕ್ಕಿಯಾದರು.

"ಈಜು ಕಲಿಯೋವಾಗ ಕಿವಿ ತುಂಬ ನೀರು, ಮೇಲೆ ಟೋಪಿ ಬೇರೆ" ಅಂದ ಹುಡುಗ, ಮೀಸೆ ಬಿಡದೆ. "ನಿಮ್ಮ ಮಗಳು ನಮಗೆಲ್ಲ ಹೀಗೇ ಕಲಿಸೋದು. ನನಗೆ ನೀರು ಅಂದ್ರೆ ಜೀವಭಯ. ಅವಳ ಬಾಯಿ ನೋಡ್ತಾ ನೋಡ್ತಾನೇ ತೇಲೋದು ಕಲಿತೆ." ಸ್ವಲ್ಪ ತಡೆದು ಮುಂದುವರಿಸಿದ. "ನಿಮಗೆ ನನ್ನ ಕಂಡ್ರೆ ಆಗಲ್ಲ ಅಂದ್ಕೊಂಡಿದ್ದೆ, ಮಾವ."

"ನಿನ್ನ ಗಡ್ಡ ಕಂಡ್ರೆ ಆಗಲ್ಲ" ಅಂದರು ಮೇಸ್ತ್ರಿಗಳು. "ನೀನು ಏನು ಮಾತಾಡಿದೆ ಅಂತ ಇವತ್ತಿನವರೆಗೂ ನನಗೆ ಗೊತ್ತಿಲ್ಲಪ್ಪ. ಏನೇನು ಉತ್ತರ ಕೊಟ್ಟೆನೋ ಅದೂ ಗೊತ್ತಿಲ್ಲ." ಹೇಳುವಾಗ ಅವರಿಗೆ ನಾಚಿಕೆಯಾಯಿತು, ಎದೆಯ ಮೇಲಿನ ಕಲ್ಲು ಇಳಿದ ಹಾಗೂ ಆಯಿತು. ಹುಡುಗ ಅವರ ಕೈಯನ್ನು ಒಮ್ಮೆ ಅದುಮಿ ನೀರಿನಂಚಿಗೆ ಓಡಿದ.

ಮಗಳು ಬಂದದ್ದು ಅಳುತ್ತ ಅಲ್ಲ, ಉರಿಯುತ್ತ. ಅಪ್ಪನ ಎದುರು ಮರಳಲ್ಲಿ ಧೊಪ್ಪನೆ ಕೂತು ಮಗ್ಗದ ಮಾತಿನಲ್ಲೇ ಜಗಳಕ್ಕಿಳಿದಳು. "ಇಷ್ಟು ಕೆಟ್ಟಿದೆ ಕಿವಿ ಅಂತ ಯಾಕೆ ಹೇಳಲಿಲ್ಲ? ನಾನು ಏನೇನೋ ಅಂದ್ಕೊಂಡೆ. ಆಯ್ತು, ಸಮುದ್ರ ಬೇಡ. ಬಾಗಿಲು ಕಿಟಕಿ ಇರೋ ಕಡೆ ಮಾಡೋಣ."

"ನೋಡು, ಇದಕ್ಕೇ ಹೇಳಲಿಲ್ಲ" ಅಂದರು ಮೇಸ್ತ್ರಿಗಳು. "ನೀನು ಇಲ್ಲೇ ಆಗು. ನನಗೆ ನಿನ್ನ ದನಿ ಕೇಳಬೇಕು ಅನ್ನೋ ಆಸೆ ಇತ್ತು, ಅಷ್ಟೇ. ನಿಜ ಹೇಳ್ಬೇಕು ಅಂದ್ರೆ ಮನೇಲೂ ಅದು ಮೊದಲಿನ ಹಾಗೆ ಕೇಳಲ್ಲ ಮಗಳೇ. ಯಂತ್ರದಲ್ಲಿ ಎಲ್ಲರದೂ ತಗಡಿನ ದನಿ. ನೀನು ಚಿಕ್ಕವಳಿದ್ದಾಗಿನ ದನಿ ನೆನಪಿದೆ, ಅದನ್ನೇ ನಿನ್ನ ಬಾಯಿಗೆ ಹೊಂದಿಸ್ಕೋತೀನಿ."

ಅದನ್ನು ಅವರು ಹೆಂಡತಿಗೂ ಹೇಳಿರಲಿಲ್ಲ. ಮಗಳು ಅವರ ಮೊಣಕಾಲಿಗೆ ಹಣೆ ಒತ್ತಿಕೊಂಡಳು, ಅವರು ಅವಳ ತಲೆಯ ಮೇಲಿನ ಮರಳನ್ನು ಕೊಡವಿದರು. ಆಮೇಲೆ ಅವಳು ಕಣ್ಣೊರೆಸಿಕೊಂಡು ಎದ್ದು, ಅಷ್ಟು ದೂರ ಹೋಗಿ ತಿರುಗಿ ನಿಂತು, ಬಾಯಿ ಅಗಲಿಸಿ ಕೇಳಿದಳು. "ಇಲ್ಲಿ ನಿಂತರೆ ನನ್ನ ಬಾಯಿ ಕಾಣಿಸುತ್ತಾ?"

"ಸ್ವಲ್ಪ ಈಚೆ ಬಾ. ಬಂಡೆಯ ನೆರಳು ಬೀಳ್ತಿದೆ."

ಅವಳು ಈಚೆ ಬಂದಳು. ಮಧ್ಯಾಹ್ನವಾದರೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ಬೆಳಿಗ್ಗೆಯೇ ಇಟ್ಟುಕೊಳ್ಳೋಣ ಎಂದಾಯಿತು. ಚಪ್ಪರ ಇಷ್ಟು ಹಿಂದಕ್ಕೆ ಸರಿಯಿತು, ಕುರ್ಚಿಗಳ ಸಾಲು ಬಂಡೆಯ ಕಡೆ ಓರೆಯಾಯಿತು. ಆವರೆಗೆ ಎಲ್ಲದಕ್ಕೂ ಬೇಡ ಅನ್ನುತ್ತಿದ್ದ ಮೇಸ್ತ್ರಿಗಳೇ ಮುಂದೆ ನಿಂತು ಇಲ್ಲಿ ಒಂದು ಗೂಟ, ಅಲ್ಲಿ ಒಂದು ಗೂಟ ಎಂದು ಯಜಮಾನಿಕೆ ಶುರುಮಾಡಿದರು. ಮಕ್ಕಳು ಬಂಡೆ ಹತ್ತಿ ಬೀಳುವ ವಿಷಯ ಯಾರಿಗೂ ನೆನಪಾಗಲಿಲ್ಲ.

ಮದುವೆಯ ದಿನ ಗಾಳಿ ಎಂದಿಗಿಂತ ಜೋರಾಗಿತ್ತು. ಚಪ್ಪರದ ಬಟ್ಟೆ ಪಟಪಟ ಬಡಿದುಕೊಳ್ಳುತ್ತಿತ್ತು. ಹುಡುಗ ಗಡ್ಡ ಮೀಸೆ ಎರಡನ್ನೂ ಬೋಳಿಸಿ ಬಂದಿದ್ದ. ಬಿಸಿಲು ಕಾಣದೆ ಬಿಳುಚಿದ ಗಲ್ಲ ಹೊತ್ತ ಅವನನ್ನು ಸ್ವಂತ ಸೋದರತ್ತೆಯೇ ಗುರುತು ಹಿಡಿಯದೆ, ಮದುಮಗ ಎಲ್ಲಿ ಎಂದು ಅವನನ್ನೇ ಕೇಳಿದಳು. ಮಗಳು ಮಾತಾಡಲು ಎದ್ದು ನಿಂತಳು. ಬಾಯಿ ತೆರೆದಳು. ದನಿ ಬರಲಿಲ್ಲ. ಮೈಕಿನವನು ತನ್ನದೇ ತಪ್ಪೆಂದು ಗಾಬರಿಯಿಂದ ವೈರು ಹಿಡಿದು ಓಡಿ ಬಂದ. "ಅಯ್ಯೋ, ಹುಡುಗಿಗೆ ಮಾತು ಬರಲ್ವೇನೇ?" ಎಂದು ಸೋದರತ್ತೆ ಪಕ್ಕದವಳನ್ನು ತಿವಿದಳು.

ಆಗ ಹುಡುಗ ಮೈಕು ತೆಗೆದುಕೊಂಡ. "ಇವಳು ಅವರ ಮನೆ ಮಾತಲ್ಲಿ ಹೇಳ್ತಾಳೆ. ಆ ಮಾತು ಬರದೇ ಇರೋರಿಗೆ ನಾನು ಹೇಳ್ತಾ ಹೋಗ್ತೀನಿ."

ಹೀಗೆ ಕಿವಿ ನೆಟ್ಟಗಿದ್ದ ಅಷ್ಟೂ ಜನ ಇನ್ನೊಬ್ಬನ ಬಾಯಿಂದ ಕೇಳುತ್ತ ಕೂತರು. ಮೇಸ್ತ್ರಿಗಳಿಗೆ ಮಾತ್ರ ಮಗಳ ಮಾತು ನಡುವೆ ಯಾರೂ ಇಲ್ಲದೆ ನೇರವಾಗಿ ಬಂತು. ಅವಳು ಹುಡುಗನ ಬಗ್ಗೆ ಹೇಳಿದಳು. ಕೊಳದ ಅಂಚನ್ನು ಹಿಡಿದು ನಡುಗುತ್ತಿದ್ದವನು ಒಂದು ದಿನ ತನ್ನನ್ನು ನಂಬಿ ಆ ಅಂಚು ಬಿಟ್ಟದ್ದನ್ನು ಹೇಳಿದಳು. ನಾನೂ ಅಷ್ಟೇ ನಂಬಿಕೆಯಿಂದ ಈಗ ಅಂಚು ಬಿಡುತ್ತಿದ್ದೇನೆ, ಮುಳುಗಲು ಬಿಡಬೇಡ ಅಂದಳು. ಹುಡುಗ ಒಂದೊಂದನ್ನೂ ಜನರಿಗೆ ತಲುಪಿಸಿದ.

ಕೊನೆಯಲ್ಲಿ ಅವಳು ಹುಡುಗನನ್ನು ಬಿಟ್ಟು ಮುಂದಿನ ಸಾಲಿನತ್ತ ತಿರುಗಿ ಇನ್ನೊಂದೇ ಮಾತು ಆಡಿದಳು. ಹುಡುಗ ಮೈಕು ಕೆಳಗಿಳಿಸಿದ. "ಅವಳೇನಂದಳು?" ಎಂದು ಸೋದರತ್ತೆ ಕೂತಲ್ಲಿಂದಲೇ ಕೇಳಿದರೆ, "ಅದು ನಮಗಲ್ಲ ಅತ್ತೆ" ಅಂದ.

ಅವಳು ಕೇಳಿದ್ದು ಇಷ್ಟೇ: "ಕೇಳಿಸ್ತಾ, ಅಪ್ಪಾ?"

ಮೇಸ್ತ್ರಿಗಳು ಉತ್ತರಿಸಲು ಬಾಯಿ ಅಗಲಿಸಿದರು. ತುಟಿ ನಡುಗಿ ನಡುಗಿ ಅಕ್ಷರ ಮೂಡಲೇ ಇಲ್ಲ. ಮಗ್ಗದ ಮಾತು ಅವರಿಗೆ ಕೈಕೊಟ್ಟದ್ದು ಅದೇ ಮೊದಲು. ಕೊನೆಗೆ ಅವರು ಎದ್ದು ನಿಂತು ಇದ್ದ ದನಿಯನ್ನೆಲ್ಲ ಕೂಡಿಸಿ ಕೂಗಿದರು. "ಕೇಳಿಸ್ತು ಮಗಳೇ. ಎಲ್ಲಾ ಕೇಳಿಸ್ತು."

ಆ ಗಾಳಿಯಲ್ಲೂ ಅದು ಹಿಂದಿನ ಸಾಲಿನವರೆಗೆ, ಊಟದ ಮೇಜಿನ ಹತ್ತಿರ ನಿಂತವರವರೆಗೆ ಮುಟ್ಟಿತು. ಮುಟ್ಟಿತೋ ಇಲ್ಲವೋ ಎಂದು ಗೊತ್ತಾಗದ ಮೇಸ್ತ್ರಿಗಳು, ಮಗಳ ಮುಖವನ್ನೇ ನೋಡುತ್ತ, ಇನ್ನೊಂದು ಸಲ ಕೂಗಿದರು.