ಮುನ್ನಿಬೀಯ ದೇಗಚಿ

‘ಆಯಿ, ಅದು ನಮ್ದಲ್ಲ’ ಎಂಬ ಮಾತು ಮಹಾನಂದಾಳ ಬಾಯಿಯವರೆಗೆ ಬಂದುಬಿಟ್ಟಿತ್ತು. ಅಷ್ಟರಲ್ಲಿ ಆಯಿ, ಅಂದರೆ ಅಜ್ಜಿ ಅನುಸೂಯಾಬಾಯಿ, ಅವಳ ಮುಂಗೈ ಹಿಡಿದು ಬಿಗಿಯಾಗಿ ಒತ್ತಿದಳು.

ಚಾವಡಿಯ ಕಟ್ಟೆಯ ಮೇಲೆ ಪಾತ್ರೆಗಳ ಗುಡ್ಡೆ ಬಿದ್ದಿತ್ತು. ಎಲ್ಲವೂ ಪಾತ್ರೆಗಳಿಗೆ ಕಲಾಯಿ ಹಾಕುವ ಗೌಸೋದ್ದೀನನ ಮನೆಯಿಂದ ತಂದವು. ಮಿಲಿಟರಿ ಬಂದು ರಜಾಕಾರರು ಓಡಿಹೋದ ಮೇಲೆ ಅವನೂ ಹೆಂಡತಿ ಮುನ್ನಿಬೀಯೂ ಉಟ್ಟ ಬಟ್ಟೆಯಲ್ಲೇ ಊರು ಬಿಟ್ಟಿದ್ದರು. ಬೀದರಿಗೆ ಹೋದರು ಅನ್ನುವವರಿದ್ದರು. ಬೀದರಿನ ತನಕ ಮುಟ್ಟಿರಲಿಕ್ಕಿಲ್ಲ ಅನ್ನುವವರೂ ಇದ್ದರು. ಗೌಸೋದ್ದೀನ ರಜಾಕಾರನಾಗಿರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳುತ್ತಿರಲಿಲ್ಲ.

ಹೋದ ವರ್ಷ ಮಹಾನಂದಾಳಿಗೆ ಯಾರಿಗೆ ಹೆದರಬೇಕೆಂದು ತಿಳಿದಿತ್ತು. ಕುದುರೆಯ ಸಪ್ಪಳ ಕೇಳಿದರೆ ಜೋಳದ ಹೊಲ ಹೊಕ್ಕು ಕೂಡಬೇಕು. ಆ ಹೆದರಿಕೆಯಲ್ಲೇ ಅವಳ ಸಾಲಿಯೂ ತಪ್ಪಿತ್ತು. ಈಗ ಹೆದರಿಕೆ ಹೋಯಿತು ಎನ್ನುತ್ತಿದ್ದರು. ಆದರೆ ಗೋಡೆಯಾಚೆಯ ಗೌಸೋದ್ದೀನನ ಮನೆಯ ಬಾಗಿಲು ಮುರಿದು ಬಿದ್ದಿತ್ತು.

"ಕಲಾಯಿಗಿ ಕೊಟ್ಟವರು ತಮ್ದು ತಾವು ಗುರುತ ಹಿಡದು ಒಯ್ರಿ. ಮನಿಗಿ ಒಂದೇ. ಉಳದದ್ದು ನಾವು ಹಂಚತೀವಿ" ಎಂದು ಮನ್ಮಥಪ್ಪ ಕೂಗುತ್ತಿದ್ದ. ಮೊನ್ನೆಮೊನ್ನೆಯವರೆಗೆ ಜೋಳದ ದಲ್ಲಾಳಿ. ಈಗ ಊರಿನ ಹುಡುಗರೆಲ್ಲ ಅವನ ಹಿಂದೆ.

ಗುಡ್ಡೆಯ ಅಂಚಿನಲ್ಲೇ ಕಲಾಯಿಗೆ ಕೊಟ್ಟಿದ್ದ ಆಯಿಯ ಹಿತ್ತಾಳೆಯ ಬೋಗೋಣಿ ಕೂತಿತ್ತು. ಕಂಠ ಅಗಲ, ಹೊಟ್ಟೆ ದುಂಡಗೆ, ಒಳಗೆ ಕಲಾಯಿ ಕಾಣದೆ ಕಪ್ಪಗೆ. ಆಯಿ ಮದುವೆಯಾಗಿ ಭಾಲ್ಕಿಯಿಂದ ಬರುವಾಗ ತಂದದ್ದು. ಎಳ್ಳಮಾಸೆಗೆ ಹೊಲದಲ್ಲಿ ಉಣ್ಣುವ ಭಜ್ಜಿ ಅದರಲ್ಲೇ ಆಗಬೇಕು. ಹಸಿ ತೊಗರಿ, ಹಸಿ ಕಡಲೆ, ಅವರೆ, ಮೆಂತ್ಯೆ, ಹುಣಸೆಹಣ್ಣಿನ ಹುಳಿ, ಕಡಲೆಹಿಟ್ಟು ಎಲ್ಲ ಕೂಡಿ ಕೊತಕೊತ ಕುದಿಯುವಾಗ ಒಲೆಯ ಮುಂದೆ ಕೂತವರ ಮೂಗು ತಾನೇ ಮುಂದೆ ಬಾಗುತ್ತಿತ್ತು. ತಳದಲ್ಲಿ ಹತ್ತಿದ್ದನ್ನು ಆಯಿ ಸೌಟಿನಿಂದ ಕೆರೆದು ಮಹಾನಂದಾಳ ಅಂಗೈಗೆ ಹಾಕುತ್ತಿದ್ದಳು.

ಆಯಿ ಅದನ್ನು ನೋಡಿದಳು. ನೋಡಿ, ಅದರ ಮೇಲಿಂದ ಕೈ ಚಾಚಿ, ಹಿಂದಿದ್ದ, ಒಳಗೆ ಹೊಸ ಕಲಾಯಿ ಹೊಳೆಯುತ್ತಿದ್ದ ತಾಮ್ರದ ದೇಗಚಿ ಎತ್ತಿಕೊಂಡಳು.

ಮಹಾನಂದಾಳಿಗೆ ಆ ದೇಗಚಿಯ ಗುರುತಿತ್ತು, ಅದಕ್ಕೇ ಆ ಮಾತು ಬಾಯಿಗೆ ಬಂದದ್ದು. ಹಿಡಿಯುವ ಕಿವಿಯ ಕೆಳಗೆ ಹೆಬ್ಬೆಟ್ಟು ಕೂಡುವಷ್ಟು ತಗ್ಗು. ಅದು ಮುನ್ನಿಬೀಯ ತವರಿನದು. ಗೋಡೆಯ ಮೇಲಿಂದ ಎರಡು ಮನೆಯ ಪಾತ್ರೆಗಳೂ ಹೋಗಿಬರುತ್ತಿದ್ದವು. ಬೇಯಿಸಿದ್ದಲ್ಲ, ಬೇಳೆ, ಮೆಣಸಿನಕಾಯಿ, ಹುಣಸೆಹಣ್ಣು. ಇಬ್ಬರಲ್ಲಿ ಯಾರೂ ಇನ್ನೊಬ್ಬರ ಪಾತ್ರೆಯನ್ನು ಬರಿದು ಮಾಡಿ ತಿರುಗಿ ಕೊಟ್ಟವರಲ್ಲ. ಏನೂ ಇಲ್ಲದ ದಿನ ತಳಕ್ಕೆ ಒಂದು ಹಿಡಿ ಜೋಳವಾದರೂ ಹಾಕುತ್ತಿದ್ದರು.

"ಏನ್ರಿ ಆಯಿ," ಮನ್ಮಥಪ್ಪ ನಕ್ಕ, "ಹೊಳಿಯೋದು ನೋಡಿ ಹಿಡದ್ರೇನು? ತಾಂಬ್ರದ ದೇಗಚಿ ನಮ್ಮವರ ಮನ್ಯಾಗ ಎಲ್ಲಿರ್ತದ?"

"ನಮ್ಮ ತಮ್ಮ ಹೈದ್ರಾಬಾದಿಂದ ತಂದದ್ದದಪ್ಪಾ."

ಆಯಿಗೆ ತಮ್ಮನಿರಲಿಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಆಯಿ ಸುಳ್ಳು ಹೇಳಿದ್ದನ್ನು ಮಹಾನಂದಾ ಅವತ್ತೇ ಮೊದಲು ಕೇಳಿದಳು.

"ಈ ಪೋರಿನ್ನ ಕೇಳ್ರಿ" ಎಂದ ಒಬ್ಬ. ಎಲ್ಲರ ಕಣ್ಣು ಅವಳತ್ತ ತಿರುಗಿದವು. "ನಿಮ್ದೇ ಏನವ್ವಾ?"

ಮಹಾನಂದಾಳ ತಲೆ ಅಲ್ಲಾಡಿತು. ಹೌದೆಂದು ಅಲ್ಲಾಡಿತೋ, ಸುಮ್ಮನೆ ನಡುಗಿತೋ, ಅವಳಿಗೇ ತಿಳಿಯಲಿಲ್ಲ.

"ಹಂಗಾದ್ರ ಎಳ್ಳಮಾಸಿಗಿ ಇದರಾಗೇ ಭಜ್ಜಿ ಮಾಡ್ರಿ. ನಿಮ್ಮ ಹೊಲಕ್ಕ ಉಣ್ಣಾಕ ಬರ್ತೀನಿ. ಮಾಡ್ಲಿಲ್ಲಂದ್ರ ಹೊಳ್ಳಿ ಒಯ್ತೀನಿ ನೋಡ್ರಿ" ಎಂದ ಮನ್ಮಥಪ್ಪ. ಬೋಗೋಣಿ ಅವನ ಪಾಲಿಗೇ ಹೋಯಿತು.

ಮನೆಗೆ ಬಂದ ಮೇಲೆ ಮಹಾನಂದಾ ಕೇಳಿದಳು. "ನಮ್ದು ಯಾಕ ಬಿಟ್ಟಿ ಆಯಿ?"

"ನಾ ಇಲ್ಲೇ ಇದ್ದೀನಲ್ಲ" ಎಂದಳು ಆಯಿ. "ನಂದು ಊರಾಗೇ ಇರ್ತದ. ಆಕಿದು ಹಂಚಿ ಹೋದ್ರ ಆಕಿ ಯಾರಿಗಿ ಕೇಳಬೇಕು?"

"ಆಕಿ ಬರ್ತಾಳೇನು?"

"ನನಗೇನ್ ಗೊತ್ತಾದಪಾ."

"ಅದರಾಗ ಅವರು ಕುರಿ ಕಂಡ ಬೇಯಿಸ್ತಿದ್ರಲ್ಲ?"

ಆಯಿ ದೇಗಚಿಯನ್ನು ಅಡುಗೆಮನೆಯ ಹೊಸ್ತಿಲ ಮೇಲೆ ಇಟ್ಟಳು. ಅಮಾಸೆ ಹತ್ತಿರ ಬರುವ ತನಕ ಅದು ಅಲ್ಲೇ, ಒಳಗೂ ಅಲ್ಲ ಹೊರಗೂ ಅಲ್ಲ, ಕೂತಿತ್ತು. ಹೋಗುತ್ತ ಬರುತ್ತ ಆಯಿ ಅದನ್ನು ದಾಟುತ್ತಿದ್ದಳು, ಸೆರಗು ತಾಗದಂತೆ. ಹಾಗಿದ್ದರೆ ತಂದದ್ದಾದರೂ ಯಾಕೆ? ಆಯಿಯ ಮುಖ ನೋಡಿದರೆ ಅವಳಿಗೂ ಗೊತ್ತಿದ್ದಂತೆ ಕಾಣುತ್ತಿರಲಿಲ್ಲ.

ಎಳ್ಳಮಾಸೆಯ ನಸುಕಿನಲ್ಲಿ ಆಯಿ ಮಿಂದು, ದೇಗಚಿಯನ್ನು ಬೂದಿಯಿಂದ ತಿಕ್ಕಿ ತೊಳೆದಳು. ಮತ್ತೆ ತಿಕ್ಕಿದಳು. ತನ್ನ ಹಣೆಗೆ ವಿಭೂತಿ ಹಚ್ಚಿಕೊಂಡಳು. ತುಸು ತಡೆದು, ಅದೇ ಬೆರಳುಗಳನ್ನು ದೇಗಚಿಯ ಹೊಟ್ಟೆಗೂ ಎಳೆದಳು. ಆಮೇಲೆ ಒಲೆ ಹೊತ್ತಿಸಿದಳು.

ಹೊಲದಲ್ಲಿ ಬನ್ನಿ ಮರದ ಕೆಳಗೆ ಪೂಜೆ ಮುಗಿಯುವ ಹೊತ್ತಿಗೆ ಮನ್ಮಥಪ್ಪ ಬಂದೇಬಿಟ್ಟ. ಹೆಂಡತಿ ಕಾಶೀಬಾಯಿ, ಇಬ್ಬರು ಮಕ್ಕಳು ಜೊತೆಗಿದ್ದರು. ಕಾಶೀಬಾಯಿಯ ತಲೆಯ ಮೇಲೆ ಬುಟ್ಟಿ. ಬುಟ್ಟಿಯೊಳಗೆ ಆಯಿಯ ಬೋಗೋಣಿ.

ಮಹಾನಂದಾ ಆಯಿಯ ಕಡೆ ನೋಡಿದಳು. ಆಯಿ ಬೋಗೋಣಿಯ ಕಡೆ ನೋಡುತ್ತಿದ್ದಳು.

"ಕಾಕಿ, ನಾನೂ ಭಜ್ಜಿ ತಂದೀನ್ರಿ" ಎಂದು ಕಾಶೀಬಾಯಿ ಮುಚ್ಚಳ ತೆಗೆದಳು. "ರಾತ್ರಿನೇ ಮಾಡಿಟ್ಟಿದ್ದೆ. ಯಾಕೋ ಬಣ್ಣ ಬ್ಯಾರೆ ಆಗ್ಯಾದ."

ಭಜ್ಜಿಯ ಅಂಚು ಪಾತ್ರೆಗೆ ತಾಗಿದಲ್ಲೆಲ್ಲ ಹಸಿರು ಅಡರಿತ್ತು. ಸೊಪ್ಪಿನ ಹಸಿರಲ್ಲ. ಕಾಶೀಬಾಯಿಯ ಮಗ ಆಗಲೇ ಬೆರಳು ಅದ್ದಿದ್ದ. ಆಯಿ ಅವನ ಕೈಗೆ ಹೊಡೆದಳು.

"ಉಣಬ್ಯಾಡ್ರಿ! ಯವ್ವಾ, ಕಲಾಯಿ ಹೋದ ಹಿತ್ತಾಳ್ಯಾಗ ಹುಳಿ ಕುದಿಸಿ, ರಾತ್ರಿ ಎಲ್ಲ ಇಟ್ಟೀಯೇನು? ಕಿಲುಬು ಎದ್ದಾದ. ಕೂಸುಗೋಳು ವಾಂತಿ ಮಾಡ್ತಾವ."

"ಕಲಾಯಿ ಹಾಕವ್ರು ಈಗ ಯಾರ್ ಅದಾರ್ರಿ ಕಾಕಿ?" ಕಾಶೀಬಾಯಿಯ ಕಣ್ಣಲ್ಲಿ ನೀರು ಬಂತು. "ಔರಾದ ತನಕ ಕೇಳಿಸೀನಿ. ಅಲ್ಲೂ ಯಾರಿಲ್ಲಂತ."

ಕಾಶೀಬಾಯಿ ಬದುವಿನಾಚೆ ಹೋಗಿ ಭಜ್ಜಿಯನ್ನೆಲ್ಲ ಸುರಿದು ಬಂದಳು.

ಆಯಿ ದೇಗಚಿಯನ್ನು ಎಳೆದುಕೊಂಡಳು. ಮೊದಲು ತನ್ನ ರೊಟ್ಟಿಯ ಮೇಲೆ ಒಂದು ಸೌಟು ಹಾಕಿಕೊಂಡು, ಕಣ್ಣು ಮುಚ್ಚಿ ಒಂದು ತುತ್ತು ತಿಂದಳು. ಆಮೇಲೆ ಮಕ್ಕಳಿಗೆ ಬಡಿಸಿದಳು. ಮನ್ಮಥಪ್ಪ ದೇಗಚಿಯ ಕಿವಿಯ ಕೆಳಗಿನ ತಗ್ಗನ್ನು ನೋಡಿದ, ವಿಭೂತಿಯ ಗೆರೆಗಳನ್ನು ನೋಡಿದ. ರೊಟ್ಟಿ ಮುಂದೆ ಚಾಚಿದ. ಎರಡನೆಯ ಸಲ ಕೇಳಿ ಹಾಕಿಸಿಕೊಂಡ.

ಮಹಾನಂದಾ ಬಾಯಲ್ಲಿ ಇಟ್ಟುಕೊಂಡು ಬೇರೆ ಏನಾದರೂ ರುಚಿ ಬರುತ್ತದೆಯೇ ಎಂದು ಕಾದಳು. ಹಸಿ ಕಡಲೆ, ಹುಳಿ, ಮೆಣಸಿನಕಾಯಿಯ ಖಾರ. ಅಷ್ಟೇ. ಪ್ರತಿ ವರ್ಷದ್ದೇ. ಅದರಿಂದ ಅವಳಿಗೆ ಇನ್ನಷ್ಟು ಗೊಂದಲವಾಯಿತು.

ಹೊರಡುವಾಗ ಕಾಶೀಬಾಯಿ ಬೋಗೋಣಿ ಹಿಡಿದು ನಿಂತಳು. "ಇದು ನಿಮ್ದೇ ಅಲ್ಲೇನ್ರಿ ಕಾಕಿ?"

ಆಯಿ ಒಮ್ಮೆ ಅದರ ಕಂಠ ಸವರಿದಳು. "ಇಟ್ಕೋ. ನೀರ ತುಂಬು, ಹುಳಿ ಹಾಕಬ್ಯಾಡ."

ಸಂಜೆ ಮಹಾನಂದಾ ದೇಗಚಿ ಬೆಳಗಿ ತಂದಳು. ಅಡುಗೆಮನೆಯ ಹೊಸ್ತಿಲಿನಲ್ಲಿ ಒಂದು ಗಳಿಗೆ ನಿಂತು, ಒಳಗೆ ಹೋಗಿ, ಗೋಡೆಯ ಮಾಡದಲ್ಲಿ ಬೋಗೋಣಿ ಇರುತ್ತಿದ್ದ ಜಾಗದಲ್ಲಿ ಇಟ್ಟಳು. ಗೋಡೆಯಾಚೆ ದೀಪವಿರಲಿಲ್ಲ. ಆಯಿ ಒಲೆಯ ಬೂದಿ ಗೋರುತ್ತಿದ್ದಳು, ತಿರುಗಿ ನೋಡಲಿಲ್ಲ. ಮಹಾನಂದಾ ಕಣಜದಿಂದ ಒಂದು ಹಿಡಿ ಜೋಳ ತಂದು, ಸಪ್ಪಳವಾಗದಂತೆ ದೇಗಚಿಯ ತಳಕ್ಕೆ ಬಿಟ್ಟು, ಮುಚ್ಚಳ ಮುಚ್ಚಿದಳು.