ಸಾಬವ್ವನ ಒಂಬತ್ತು ದಿನದ ಹಾಜರಿ

ಆಳಂದದ ಹತ್ತಿ ಬೀಜ ಬಿಡಿಸುವ ಜಿನ್ನಿನ ಅಂಗಳದಲ್ಲಿ, ಬೇವಿನ ಮರಕ್ಕೆ ರೈಲು ಹಳಿಯ ತುಂಡೊಂದನ್ನು ತೂಗುಹಾಕಿದ್ದರು. ಅದನ್ನು ತಾಸಿಗೊಮ್ಮೆ ಬಡಿಯುವುದು ಧರ್ಮಣ್ಣನ ನೌಕರಿ. ಅವನು ಬಡಿದ ಸದ್ದು ಕಿಣ್ಣಿ ಸುಲ್ತಾನ ಎಂಬ ಊರಿನವರೆಗೆ ಹೋಗಿ, ಅಲ್ಲಿ ಕೊಂಚ ಕೂತು, ಬಿಸಿಲು ಇಳಿದ ಮೇಲೆ ತಿರುಗಿ ಬರುತ್ತದೆ ಎಂದು ಜನ ಹೇಳುತ್ತಿದ್ದರು. ಸುಳ್ಳಿರಬೇಕು. ಕಿಣ್ಣಿ ಸುಲ್ತಾನದವರು ಬಂದವರನ್ನು ಉಣ್ಣಿಸದೆ ಕಳಿಸುವವರಲ್ಲ.

ಸಾವಿರದ ಒಂಬೈನೂರ ನಲವತ್ತೆರಡರ ಹತ್ತಿ ಸುಗ್ಗಿಯಲ್ಲಿ ಧರ್ಮಣ್ಣನ ಹೊಸ ಎಮ್ಮೆ ಹಗ್ಗ ಹರಿದುಕೊಂಡು, ಭೀಮೆಯನ್ನು ಈಜಿ, ತಾನು ಹುಟ್ಟಿದ ಜೇವರ್ಗಿಗೆ ಹೊರಟುಹೋಯಿತು. ಎಮ್ಮೆ ದಾರಿಯಲ್ಲಿ ಯಾರನ್ನೂ ಕೇಳಲಿಲ್ಲ. ಹಿಂದೆ ಹೋದ ಧರ್ಮಣ್ಣ ಹನ್ನೊಂದು ಕಡೆ ಕೇಳಿದ. ಹೋಗಿ ಬರಲು ಅವನಿಗೆ ಒಂಬತ್ತು ದಿನ ಹಿಡಿಯಿತು.

ಹೋಗುವಾಗ ಅವನು ಜಿನ್ನಿನಲ್ಲಿ ಯಾರಿಗೂ ಹೇಳಲಿಲ್ಲ. ಹೆಂಡತಿ ಸಾಬವ್ವನ ಕೈಗೆ ಸುತ್ತಿಗೆ ಕೊಟ್ಟ, ಹೋದ. ಸಾಬವ್ವನಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಅವಳ ತವರು ಮಣ್ಣೂರಿನಲ್ಲಿ ಊರ ಕಾವಲಿನ ಪಾಳಿ ಬರುವುದು ಮನೆಗೆ, ಮನುಷ್ಯನಿಗಲ್ಲ. ಅಪ್ಪನಿಗೆ ಜ್ವರ ಬಂದರೆ ಚಿಕ್ಕಪ್ಪ, ಚಿಕ್ಕಪ್ಪ ಇಲ್ಲದಿದ್ದರೆ ಅವ್ವ ಕೋಲು ಹಿಡಿದು ಚಾವಡಿಗೆ ಹೋಗುತ್ತಿದ್ದರು. ಮನೆಯಿಂದ ಒಬ್ಬರು ಬಂದರೆ ಗೌಡನಿಗೆ ಸಾಕು. ಜಿನ್ನಿಗೂ ಅದೇ ಕಾಯಿದೆ ಎಂದು ಅವಳು ತಿಳಿದಿದ್ದಳು.

ದಿನಾ ಹತ್ತಕ್ಕೆ ಮುನಶಿ ಶಾಂತಲಿಂಗಪ್ಪ ಹಾಜರಿ ಪುಸ್ತಕ ಬಿಚ್ಚಿ, "ಧರ್ಮಣ್ಣ" ಎಂದು ಕೂಗುತ್ತಿದ್ದ.

"ಹಾಜರ್ರಿ," ಎನ್ನುತ್ತಿದ್ದಳು ಸಾಬವ್ವ.

"ನೀ ಧರ್ಮಣ್ಣ ಏನಬೇ?"

"ಧರ್ಮಣ್ಣನ ಮನಿಯಾಕಿರಿ."

ಮುನಶಿ 'ಗೈರಹಾಜರ' ಎಂದು ಬರೆಯುತ್ತಿದ್ದ. ಓದು ಬಾರದ ಸಾಬವ್ವ, ತನ್ನನ್ನೇ ಬರೆದುಕೊಂಡರೆಂದು ಗತ್ತಿನಿಂದ ಮರದಡಿಗೆ ಮರಳುತ್ತಿದ್ದಳು.

ಹತ್ತನೆಯ ದಿನ ಧರ್ಮಣ್ಣ ಎಮ್ಮೆಯೊಂದಿಗೆ ಬಂದ. ಮುನಶಿ ಗೋಡೆಯ ಮೇಲಿನ ಕಾಯಿದೆಯ ಕಾಗದ ತೋರಿಸಿದ. ಎಂಟು ದಿನ ಹೇಳದೆ ಕೇಳದೆ ಗೈರಹಾಜರಾದವನು ತಾನಾಗಿಯೇ ನೌಕರಿ ಬಿಟ್ಟಂತೆ. ಸಾಬವ್ವ ಧರ್ಮಣ್ಣನ ರಟ್ಟೆ ಹಿಡಿದು ನೇರ ಮಾಲಕ ಶ್ರೀಪಾದರಾಯನ ಮುಂದೆ ನಿಲ್ಲಿಸಿದಳು. ಮುನಶಿಯೂ ಪುಸ್ತಕ ಹೊತ್ತು ಬೆನ್ನಿಗೇ ಬಂದ.

"ನೌಕರಿ ಬಿಟ್ಟಿಲ್ರಿ ಧಣ್ಯಾರ," ಎಂದಳು ಸಾಬವ್ವ. "ಒಂದ ತಾಸೂ ತಪ್ಪಿಲ್ಲ. ನಾ ಬಡದೇನಿ."

"ಗಂಟಿ ಯಾರರೆ ಬಡೀಲಿ," ಎಂದ ಮುನಶಿ. "ಹತ್ತಕ್ಕ ಹೆಸರು ಕೂಗಿದಾಗ ಧರ್ಮಣ್ಣ ಇದ್ದಿಲ್ಲ. ಕಾಯ್ದಾ ಅಂದ್ರ ಕಾಯ್ದಾ."

"ಮುನಶಿ ಸಾಹೇಬ್ರ, ಹತ್ತು ಆತಂತ ನಿಮಗ ಯಾರ ಹೇಳಿದ್ರು?"

"ಗಡಿಯಾರ ಹೇಳ್ತದ."

"ಗಡಿಯಾರಕ್ಕ ಯಾರ ಹೇಳಿದ್ರು?"

ಮುನಶಿಯ ಕೋಣೆಯ ಗಡಿಯಾರ ಧರ್ಮಣ್ಣ ಹೋದ ಎರಡನೆಯ ದಿನವೇ ನಿಂತುಹೋಗಿತ್ತು. ಬಯ್ಯಿಸಿಕೊಳ್ಳುವ ಅಂಜಿಕೆಗೆ ಅವನು ಯಾರಿಗೂ ಹೇಳಿರಲಿಲ್ಲ. ಸಾಬವ್ವ ಬಡಿದಾಗಲೆಲ್ಲ ಸ್ಟೂಲು ಹತ್ತಿ, ಬೆರಳಿನಿಂದ ಮುಳ್ಳು ತಿರುಗಿಸಿ ಇಳಿಯುತ್ತಿದ್ದ. ಮರದಡಿಯಿಂದ ಕಿಟಕಿಯೊಳಗಿನ ಗಡಿಯಾರ ಚೆನ್ನಾಗಿ ಕಾಣುತ್ತಿತ್ತು. ಸಾಬವ್ವ ಎಲ್ಲವನ್ನೂ ಹೇಳಿದಳು, ಸ್ಟೂಲಿನ ಕಾಲು ಅಲುಗಾಡುವುದನ್ನೂ ಬಿಡಲಿಲ್ಲ.

"ಖರೆ ಏನೋ?" ಎಂದ ಮಾಲಕ. ಮುನಶಿ ತಲೆ ತಗ್ಗಿಸಿದ. "ಹಂಗಾದ್ರ ನಿನಗ ಹೊತ್ತು ಹೆಂಗ ಗೊತ್ತಾತಬೇ?"

"ಮೊದಲನೇ ದಿನ ಗಡಿಯಾರ ಛಲೋ ಇತ್ರಿ. ಆವತ್ತ ಮರದ ನೆರಳಿಗೆ ತಾಸಿಗೊಂದು ಕಲ್ಲು ಇಟ್ಟೇನಿ."

ಮಾಲಕ ಜೇಬಿನ ಗಡಿಯಾರ ಹಿಡಿದು ಅಂಗಳಕ್ಕೆ ಬಂದ. ಜಿನ್ನಿನ ಮಂದಿಯೆಲ್ಲ ಹತ್ತಿ ಬಿಟ್ಟು ಸುತ್ತ ನಿಂತರು. ಸಾಬವ್ವ ಯಾರನ್ನೂ ನೋಡದೆ ನೆರಳನ್ನು ನೋಡುತ್ತಾ ನಿಂತಳು. ನೆರಳು ಕಲ್ಲು ಮುಟ್ಟಿತು. ಹನ್ನೆರಡು ಬಡಿದಳು. ಮಾಲಕನ ಗಡಿಯಾರ ಅರೆ ನಿಮಿಷ ಹಿಂದಿತ್ತು. ಅವನು ಅದನ್ನು ತಿದ್ದಿಕೊಂಡ.

"ಗೈರಹಾಜರ ಆದಾಂವ ಧರ್ಮಣ್ಣ," ಎಂದ. "ನೌಕರಿ ಗೈರಹಾಜರ ಆಗಿಲ್ಲ. ಈಕಿ ಬಡಿದಿದ್ದಿಲ್ಲಂದ್ರ ಇಂವ ಹತ್ತಕ್ಕ ಇದ್ದಿಲ್ಲ ಅಂತ ಬರಿಯಾಕ ಹತ್ತೇ ಆಗ್ತಿದ್ದಿಲ್ಲ. ಬಿಡದ ನೌಕರಿ ಬಿಟ್ಟಾನ ಅಂತ ಹೆಂಗ ಬರಿಯೋದು? ಧರ್ಮ್ಯಾ, ಇನ್ನೊಮ್ಮಿ ಹೇಳದ ಹೋದಿ ಅಂದ್ರ ಎಮ್ಮಿ ಹಗ್ಗ ನಿನ್ನ ಕೊಳ್ಳಿಗೆ ಕಟ್ಟಸ್ತೇನಿ. ಹೋಗು."

ಧರ್ಮಣ್ಣ ಕೈಮುಗಿದು ಹೊರಟ. ಸಾಬವ್ವ ಕದಲಲಿಲ್ಲ.

"ಮತ್ತೇನಬೇ?"

"ಆ ಒಂಬತ್ತು ದಿನ ನನ್ನ ಹೆಸರಲೆ ಬರೀರಿ."

"ನೌಕರಿ ಉಳೀತಲ್ಲ, ನಡಿ," ಎಂದು ಧರ್ಮಣ್ಣ ಪಿಸುಗುಟ್ಟಿದ.

"ನಿಮ್ದು ಉಳೀತು. ನನ್ನ ದಿನ ಎಲ್ಲಿ ಹೋದ್ವು?"

ಮಾಲಕ ಮುನಶಿಯ ಕಡೆ ನೋಡಿದ. ಮುನಶಿ ಒಂಬತ್ತು ಗೈರಹಾಜರಿಗಳನ್ನು ಒಂದೊಂದಾಗಿ ಹೊಡೆದುಹಾಕಿ, ಪಕ್ಕದಲ್ಲಿ 'ಸಾಬವ್ವ, ಹಾಜರ' ಎಂದು ಬರೆದು, ಮಸಿ ಡಬ್ಬಿ ಸರಿಸಿದ. ಸಾಬವ್ವ ಸೆರಗಿನಿಂದ ಕೈ ಒರೆಸಿಕೊಂಡು ಹೆಬ್ಬೆಟ್ಟು ಒತ್ತಿದಳು. ಮುನಶಿ ಪುಸ್ತಕ ಎಳೆದುಕೊಳ್ಳಲು ಹೋದ. ಅವಳು ಬಿಡಲಿಲ್ಲ.

"ಒಂದು ಸಾಕಬೇ."

"ನಾ ಬಂದದ್ದು ಒಂದ ದಿನ ಅಲ್ರಿ," ಎಂದು ಸಾಬವ್ವ ಹೆಬ್ಬೆರಳನ್ನು ಮತ್ತೆ ಮಸಿಯಲ್ಲಿ ಅದ್ದಿದಳು. ಒಂಬತ್ತೂ ಮುಗಿಯುವ ತನಕ ಮಾಲಕ ನಿಂತೇ ಇದ್ದ.